ಕಪ್ಪೆ ಸೂಜಿ

ಆ ಔಷಧಿಗೆ ಸರ್ಕಾರಿ ಕಾಗದಗಳಲ್ಲಿ ಉದ್ದನೆಯ ಹೆಸರೊಂದಿತ್ತು. ಜನ ಮಾತ್ರ ಅದನ್ನು ಕಪ್ಪೆ ಸೂಜಿ ಎಂದೇ ಕರೆಯುತ್ತಿದ್ದರು. ಹೆಸರು ತಪ್ಪೇನಲ್ಲ. ಬಯಲುಸೀಮೆಯ ಹೊಲಗಳಲ್ಲಿ ಒಂದು ಜಾತಿಯ ಕಪ್ಪೆ ಮಳೆ ನಿಂತ ಮೇಲೆ ನೆಲ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಮುಂದಿನ ಮಳೆಯ ತನಕ ಎಂಟು ತಿಂಗಳು ಅನ್ನ ನೀರಿಲ್ಲದೆ, ಉಸಿರಾಡಿದಂತೆಯೂ ಕಾಣದೆ ಬಿದ್ದಿರುತ್ತದೆ. ಅದರ ರಕ್ತದಲ್ಲಿ ಸಿಕ್ಕ ಒಂದು ಪದಾರ್ಥವನ್ನು ವಿಜ್ಞಾನಿಗಳು ಹನ್ನೆರಡು ವರ್ಷ ತಿದ್ದಿ ತೀಡಿ ಮನುಷ್ಯರಿಗೆ ಒಗ್ಗುವಂತೆ ಮಾಡಿದ್ದರು. ಮಂಜಿನಷ್ಟು ತಣ್ಣಗಿನ ಉಪ್ಪುನೀರಿನ ಜೊತೆ ಅದನ್ನು ತೊಡೆಯ ರಕ್ತನಾಳದಿಂದ ಒಳಗೆ ಹರಿಸಿದರೆ ನಾಲ್ಕೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಅದು ನಿಂತ ಮೇಲೆ ಒಳಗೆ ರಕ್ತ ಸೋರುವುದೂ ನಿಲ್ಲುತ್ತದೆ. ಮೈಯ ಬಿಸಿ ಹದಿನೆಂಟು ಡಿಗ್ರಿಗೆ ಇಳಿಯುತ್ತದೆ. ಎರಡೂವರೆ ಗಂಟೆಯೊಳಗೆ ಶಸ್ತ್ರಚಿಕಿತ್ಸೆಯ ಮೇಜಿಗೆ ತಲುಪಿಸಿ, ಹರಿದದ್ದನ್ನು ಹೊಲಿದು, ಯಂತ್ರದಿಂದ ಬಿಸಿರಕ್ತ ಹಾಯಿಸಿದರೆ ಮನುಷ್ಯ ಮರಳಿ ಬರುತ್ತಾನೆ. ಎಲ್ಲರೂ ಬರುವುದಿಲ್ಲ.

ಸುವರ್ಣಾ ಬಡಿಗೇರ ಹುಬ್ಬಳ್ಳಿಯ ಹೆಲಿಕಾಪ್ಟರ್ ತುರ್ತುಸೇವೆಯಲ್ಲಿ ನರ್ಸು. ಮೂರು ವರ್ಷಗಳಲ್ಲಿ ಹನ್ನೊಂದು ಜನರಿಗೆ ಆ ಸೂಜಿ ಹಾಕಿದ್ದಳು. ಏಳು ಜನ ಎದ್ದಿದ್ದರು.

ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಕಂಟ್ರೋಲ್ ರೂಮಿಗೆ ಕುಷ್ಟಗಿ ಕಡೆಯಿಂದ ಕರೆ ಬಂತು. ಗ್ರಾನೈಟ್ ಕ್ವಾರಿಯೊಂದರಲ್ಲಿ ಕೊಯ್ದ ಬಂಡೆ ಜಾರಿ ಇಬ್ಬರ ಮೇಲೆ ಬಿದ್ದಿತ್ತು. ಕರೆ ತೆಗೆದುಕೊಂಡವರು ಆ ದಿನದ ಪಾಳಿಯ ವೈದ್ಯೆ ಡಾ. ಶಕುಂತಲಾ ಹಾವನೂರ. ಸೇವೆಗೆ ಇದ್ದದ್ದು ಎರಡು ಹೆಲಿಕಾಪ್ಟರ್. ಒಂದರ ಎಂಜಿನ್ನು ಬಿಚ್ಚಿಟ್ಟು ನಾಲ್ಕು ದಿನವಾಗಿತ್ತು. ಉಳಿದದ್ದರಲ್ಲಿ ಹಿಡಿಸುವುದು ಒಂದೇ ಸ್ಟ್ರೆಚರ್.

"ಇಬ್ಬರದಾರಂತ. ಹೋಗಿ ನೋಡಿ ನನಗ ಹೇಳು," ಎಂದರು ಹಾವನೂರ.

ಹನ್ನೊಂದೂವರೆ ಹೊತ್ತಿಗೆ ಪೈಲಟ್ ಇಕ್ಬಾಲ್ ಮುಲ್ಲಾ ಕ್ವಾರಿಯ ಲಾರಿ ನಿಲ್ಲಿಸುವ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿಸಿದ. ಧೂಳು ಅಡಗುವ ಮೊದಲೇ ಸುವರ್ಣಾ ಮತ್ತು ಅವಳ ಜೊತೆಗಾರ ಬಸವಂತ ಚೀಲಗಳನ್ನು ಹೊತ್ತು ಓಡಿದರು. ಸುತ್ತ ಐವತ್ತು ಅಡಿ ಎತ್ತರದ ಕೊಯ್ದ ಕಲ್ಲುಗೋಡೆ. ಬಿಸಿಲಿಗೆ ಕಲ್ಲೂ ಕಾದು, ಮೇಲಿಂದಲೂ ಬದಿಯಿಂದಲೂ ಝಳ ಹೊಡೆಯುತ್ತಿತ್ತು.

ಒಬ್ಬ ಕ್ವಾರಿಯ ಮೇಸ್ತ್ರಿ ದುರುಗಪ್ಪ, ಐವತ್ತೆಂಟು ವರ್ಷ. ಹೆಲ್ಮೆಟ್ ಎರಡು ಹೋಳಾಗಿತ್ತು. ಎಡಗಣ್ಣಿನ ಪಾಪೆ ಅಗಲವಾಗಿ ನಿಂತಿತ್ತು, ಬೆಳಕು ಹಾಯಿಸಿದರೂ ಕದಲಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ಇನ್ನೊಬ್ಬ ಡ್ರಿಲ್ಲಿಂಗ್ ಕೆಲಸದ ಯಮನೂರಪ್ಪ, ಮೂವತ್ತಮೂರರವನು. ಸೊಂಟದ ಎಲುಬು ಪುಡಿಯಾಗಿತ್ತು. ಹೊಟ್ಟೆ ಬಿಗಿದು ಊದಿತ್ತು. ಎಚ್ಚರವಿದ್ದ, ನೀರು ಕೇಳುತ್ತಿದ್ದ. ಸುವರ್ಣಾ ಮಣಿಕಟ್ಟು ಹಿಡಿದು ನೋಡಿದಳು. ನಾಡಿ ಸಿಗಲಿಲ್ಲ. ಕುತ್ತಿಗೆಯಲ್ಲಿ ಸಿಕ್ಕಿತು, ಎಳೆಯಷ್ಟು.

ದುರುಗಪ್ಪ ಮಾವ, ಯಮನೂರಪ್ಪ ಅಳಿಯ. ಇಬ್ಬರ ನಡುವೆ ಮಂಡಿಯೂರಿ ಕುಳಿತಿದ್ದ ಹೆಂಗಸು ದ್ಯಾಮವ್ವ. ಒಬ್ಬನ ಮಗಳು, ಇನ್ನೊಬ್ಬನ ಹೆಂಡತಿ. ಕ್ವಾರಿಯ ಪಕ್ಕದ ಶೆಡ್ಡುಗಳಲ್ಲೇ ಮನೆ. ಸದ್ದು ಕೇಳಿ ಓಡಿಬಂದಿದ್ದಳು.

ಸುವರ್ಣಾ ಕಿವಿಗೆ ಹಾಕಿಕೊಂಡಿದ್ದ ವೈರ್‌ಲೆಸ್ಸಿನಲ್ಲಿ ಹಾವನೂರರಿಗೆ ಎಲ್ಲ ಹೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು. ತಲೆಯೊಳಗೆ ರಕ್ತ ಸೋರಿದವರಿಗೆ ಕಪ್ಪೆ ಸೂಜಿ ಹಾಕುವಂತಿಲ್ಲ. ಮೈ ಮತ್ತೆ ಬಿಸಿಯಾಗುವಾಗ ಮಿದುಳು ಊದಿ ಅಲ್ಲಿಗೇ ಮುಗಿಯುತ್ತದೆ. ಸೊಂಟ ಒಡೆದವನಿಗೆ ಹಾಕಬಹುದು. ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಮೂರು ತಾಸು. ಸೂಜಿ ಹಾಕಿದರೂ ಅಷ್ಟು ಹೊತ್ತು ಯಾರೂ ತಾಳುವುದಿಲ್ಲ. ಆದ್ದರಿಂದ ಮಾವ ಈಗ ಹಾರಬೇಕು, ಅಳಿಯ ಸೂಜಿ ಹಾಕಿಸಿಕೊಂಡು ಕಾಯಬೇಕು.

ಮನೆಯವರು ಹತ್ತಿರವಿದ್ದರೆ ಕೇಳಿಯೇ ಹಾಕಬೇಕೆಂಬ ನಿಯಮವಿತ್ತು. ಸುವರ್ಣಾ ದ್ಯಾಮವ್ವನ ಎದುರು ಕುಳಿತಳು.

"ತಂಗಿ, ಇಲ್ಲಿ ನೋಡು. ನಿಮ್ಮಪ್ಪಗ ತಲಿಗೆ ಪೆಟ್ಟಾಗೈತಿ. ಈಗಿಂದೀಗ ಒಯ್ಯಬೇಕು. ನಿನ್ನ ಗಂಡಗ ಒಳಗ ರಕ್ತ ಹೋಗಾಕತ್ತೈತಿ. ಹೆಲಿಕಾಪ್ಟರ್ ತಿರುಗಿ ಬರೂತನಕ ಅಂವ ಉಳಿಯೂದಿಲ್ಲ. ಕಪ್ಪೆ ಸೂಜಿ ಹಾಕಿದ್ರ ಕಾಯಬಹುದು."

"ಹಾಕಿದ್ರ ಸತ್ತಂಗ ಆಗ್ತಾರಲ್ರಿ?"

"ನೋಡವರಿಗೆ ಹಂಗ ಕಾಣ್ತೈತಿ."

"ಏಳ್ತಾರ?"

"ಖಾತ್ರಿ ಇಲ್ಲ. ಹಾಕದಿದ್ರ ಏಳೂದಿಲ್ಲ, ಅದು ಖಾತ್ರಿ."

ದ್ಯಾಮವ್ವ ಅಪ್ಪನನ್ನು ನೋಡಿದಳು. ಗಂಡನನ್ನು ನೋಡಿದಳು. ಯಮನೂರಪ್ಪ ಕಣ್ಣು ಬಿಟ್ಟು, "ಹೂಂ ಅನ್ನು," ಎಂದ. ಅವನಿಗೆ ಎಷ್ಟು ತಿಳಿದಿತ್ತೋ ಯಾರಿಗೂ ಗೊತ್ತಿಲ್ಲ.

"ಹಾಕ್ರಿ," ಎಂದಳು.

ಹನ್ನೊಂದು ಐವತ್ತಕ್ಕೆ ಯಮನೂರಪ್ಪನ ಹೃದಯ ನಿಂತಿತು. ಮುಖ ಮೇಣದ ಬಣ್ಣಕ್ಕೆ ತಿರುಗಿತು. ಬಸವಂತನೂ ಸುವರ್ಣಾಳೂ ಸೇರಿ ಅವನನ್ನು ತಂಪು ಚೀಲದೊಳಗೆ ಮಲಗಿಸಿದರು. ಅದು ಹಾಸಿಗೆಯಷ್ಟು ಉದ್ದದ, ಗೋಡೆಗಳಲ್ಲಿ ತಣ್ಣೀರು ಓಡುವ ದಪ್ಪ ಚೀಲ. ಮುಖದ ಭಾಗ ಮಾತ್ರ ತೆರೆದಿರುತ್ತದೆ. ಬದಿಯ ಪರದೆಯಲ್ಲಿ ಮೈಯ ಬಿಸಿ, ಕಳೆದ ನಿಮಿಷಗಳು, ಇವೆರಡೇ ಅಂಕಿ.

ದುರುಗಪ್ಪನನ್ನು ಹೆಲಿಕಾಪ್ಟರಿನಲ್ಲಿ ಮಲಗಿಸಿಕೊಂಡು ಬಸವಂತ ಹೋದ. ಹೃದಯ ನಿಂತವರ ಬಳಿ ತರಬೇತಾದ ಒಬ್ಬರು ಇರಲೇಬೇಕಾದ್ದರಿಂದ ಸುವರ್ಣಾ ಉಳಿದಳು. ಹೆಲಿಕಾಪ್ಟರಿನ ಸದ್ದು ದೂರವಾದ ಮೇಲೆ ಕ್ವಾರಿಯಲ್ಲಿ ಯಾವ ಯಂತ್ರವೂ ಓಡುತ್ತಿರಲಿಲ್ಲ. ನಲವತ್ತು ಐವತ್ತು ಕೆಲಸಗಾರರು ಕಲ್ಲಿನ ಮೇಲೆ ಕುಳಿತು ಚೀಲವನ್ನೇ ನೋಡುತ್ತಿದ್ದರು. ಯಾರೋ ಒಬ್ಬ ಎದ್ದು ಟೋಪಿ ತೆಗೆದ. ಅದನ್ನು ನೋಡಿ ಇನ್ನೂ ನಾಲ್ವರು ತೆಗೆದರು.

"ಟೋಪಿ ಹಾಕೋರಿ. ಬಿಸಲೈತಿ," ಎಂದಳು ಸುವರ್ಣಾ.

ಬಿಸಿಲೇ ಅವಳ ಚಿಂತೆಯಾಗಿತ್ತು. ನೆರಳಿನಲ್ಲಾದರೆ ಆ ಚೀಲದ ಯಂತ್ರ ಮೂರು ತಾಸು ಓಡುತ್ತದೆ. ಇಲ್ಲಿ ಕಾದ ಕಲ್ಲಿನ ನಡುವೆ ಹತ್ತು ನಿಮಿಷಕ್ಕೇ ಏದುಸಿರು ಬಿಡತೊಡಗಿತ್ತು. ತಗಡಿನ ಶೆಡ್ಡುಗಳೊಳಗೆ ಇನ್ನೂ ಹೆಚ್ಚು ಕಾವು. ಪರದೆಯಲ್ಲಿ ಹದಿನೆಂಟು ಇದ್ದದ್ದು ಹದಿನೆಂಟೂವರೆ ಆಯಿತು. ಇಪ್ಪತ್ತು ದಾಟಿದರೆ ನಿಂತ ಮೈ ಮತ್ತೆ ಆಮ್ಲಜನಕ ಬೇಡತೊಡಗುತ್ತದೆ, ಕೊಡಲು ರಕ್ತ ಓಡುತ್ತಿರುವುದಿಲ್ಲ.

"ತಾಡಪತ್ರಿ ಬೇಕು. ಬರ್ಫ ಬೇಕು. ಎಷ್ಟು ಸಿಗ್ತೈತೋ ಅಷ್ಟು," ಎಂದಳು.

ಜನಕ್ಕೆ ಮಾಡಲು ಒಂದು ಕೆಲಸ ಸಿಕ್ಕಂತಾಯಿತು. ಲಾರಿಯ ಮೇಲಿನ ಎರಡು ತಾಡಪತ್ರಿ ಬಿಚ್ಚಿ ತಂದರು. ಕಟ್ಟಲು ಕಂಬವಿರಲಿಲ್ಲ. ಎಂಟು ಜನ ನಾಲ್ಕೂ ಅಂಚು ಹಿಡಿದು ನಿಂತರು, ಕೈ ಸೋತಾಗ ಬೇರೆ ಎಂಟು ಜನ ಬಂದರು. ಇಬ್ಬರು ಬೈಕಿನಲ್ಲಿ ಹೋಗಿ ಹೆದ್ದಾರಿಯ ಸೋಡಾ ಅಂಗಡಿಯ ಮಂಜುಗಡ್ಡೆಯನ್ನೆಲ್ಲ ಗೋಣಿಯಲ್ಲಿ ಕಟ್ಟಿಕೊಂಡು ಬಂದರು.

ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಒಂದು ಟ್ರ್ಯಾಕ್ಟರ್ ಕ್ವಾರಿಯೊಳಗೆ ಇಳಿಯಿತು. ಅದರಿಂದ ಯಮನೂರಪ್ಪನ ತಾಯಿ ಹುಲಿಗೆವ್ವ ಇಳಿದಳು. ಆರು ಕಿಲೋಮೀಟರ್ ಆಚೆಯ ಊರಿನಿಂದ ಬಂದಿದ್ದಳು, ಅವಳ ಹಿಂದೆ ಹತ್ತು ಹನ್ನೆರಡು ಜನ. ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಗನ ಮುಖ ನೋಡಿದಳು. ಕೆನ್ನೆ ಮುಟ್ಟಿದಳು. ಮೂಗಿನ ಬಳಿ ಬೆರಳು ಹಿಡಿದಳು.

"ಸತ್ತಾನ," ಎಂದಳು. ಅತ್ತು ಕೂಗಲಿಲ್ಲ. "ಇದನ್ನ ಬಿಚ್ಚ್ರಿ. ನನ್ನ ತೊಡಿ ಮ್ಯಾಲ ಹಾಕ್ರಿ. ಮನಿಗೆ ಒಯ್ತೀವಿ."

"ಅವ್ವಾರ, ಇನ್ನ ಒಂದು ತಾಸಿನ್ಯಾಗ ಹೆಲಿಕಾಪ್ಟರ್..."

"ಹೆಲಿಕಾಪ್ಟರ್ ಯಾರನ್ನ ಒಯ್ದೈತಿ?"

ಹುಲಿಗೆವ್ವ ಸೊಸೆಯ ಕಡೆ ತಿರುಗಿದಳು.

"ನಿಮ್ಮಪ್ಪನ್ನ ಕಳಿಸಿದಿ. ನನ್ನ ಮಗನ್ನ ಬಿಸಲಾಗ ಬಿಟ್ಟಿ. ಮುದುಕನ್ನ ಕಳಿಸಿ ಹರೇದವನ್ನ ಬಿಟ್ಟಿ. ನೀನ ಹಾಕ್ರಿ ಅಂದೆಂತ, ಎಲ್ಲಾರೂ ಹೇಳಾಕತ್ತಾರ."

ದ್ಯಾಮವ್ವ ಚೀಲದ ಅಂಚನ್ನು ಹಿಡಿದುಕೊಂಡೇ ಇದ್ದಳು. "ಹೌದ್ರಿ ಅತ್ತಿ, ಅಂದೆ," ಎಂದಳಷ್ಟೆ.

ಹುಲಿಗೆವ್ವನ ಜೊತೆ ಬಂದಿದ್ದ ಗಂಡಸರಲ್ಲಿ ಇಬ್ಬರು ಚೀಲದ ಪಟ್ಟಿಗೆ ಕೈ ಹಾಕಿದರು. ಹೋದ ವರ್ಷ ಪಕ್ಕದ ಊರಿನವನೊಬ್ಬನಿಗೆ ಇದೇ ಸೂಜಿ ಹಾಕಿದ್ದರಂತೆ. ಎದ್ದೇ ಏಳುತ್ತಾನೆ ಎಂದು ಆಸ್ಪತ್ರೆಯವರು ಹೇಳಿದ್ದನ್ನು ನಂಬಿ ಮನೆಯವರು ಎರಡು ದಿನ ಕಾದು ಹೆಣ ತಂದಿದ್ದರು. ಅದನ್ನೇ ಅವರು ಜೋರಾಗಿ ಹೇಳುತ್ತಿದ್ದರು.

ಸುವರ್ಣಾ ಪಟ್ಟಿ ಬಿಡಿಸಿಕೊಳ್ಳಲು ಹೋಗಲಿಲ್ಲ. ಹುಲಿಗೆವ್ವನ ಮುಂದೆ ಕಲ್ಲಿನ ಮೇಲೆ ಕುಳಿತಳು.

"ಅವ್ವಾರ, ನಾ ಹನ್ನೊಂದು ಮಂದಿಗೆ ಈ ಸೂಜಿ ಹಾಕೀನಿ. ನಿಮ್ಮ ಮಗ ಹನ್ನೆರಡನೇದವ. ಏಳು ಮಂದಿ ಎದ್ರು. ನಾಲ್ಕು ಮಂದಿ ಏಳಲಿಲ್ಲ. ನಿಮ್ಮ ಮಗ ಯಾವ ಕಡಿಗೆ ಹೋಗ್ತಾನ ನಂಗ ಗೊತ್ತಿಲ್ಲ. ಈಗ ಬಿಚ್ಚಿದ್ರ ಗೊತ್ತೈತಿ."

ಹುಲಿಗೆವ್ವ ಅವಳನ್ನು ದಿಟ್ಟಿಸಿ ನೋಡಿದಳು. "ನಾಲ್ಕು ಮಂದಿ ಏಳಲಿಲ್ಲ?"

"ಇಲ್ಲ."

"ಹಂಗಂತ ನೀನ ಹೇಳ್ತಿ?"

"ಇದ್ದದ್ದು ಹೇಳಬೇಕಲ್ರಿ."

ಮುದುಕಿ ಪಟ್ಟಿ ಹಿಡಿದವರಿಗೆ, "ಕೈ ತೆಗೀರಿ," ಎಂದಳು. ತಾಡಪತ್ರಿಯ ಒಂದು ಮೂಲೆ ಜೋತುಬಿದ್ದು ಯಮನೂರಪ್ಪನ ಹಣೆಯ ಮೇಲೆ ಬಿಸಿಲು ಬೀಳುತ್ತಿತ್ತು. ಹೋಗಿ ಆ ಮೂಲೆಯನ್ನು ತಾನೇ ಎತ್ತಿ ಹಿಡಿದಳು. ಸೊಸೆಯ ಕಡೆಗೆ ಮಾತ್ರ ಮತ್ತೆ ನೋಡಲಿಲ್ಲ.

ಹುಬ್ಬಳ್ಳಿಯಲ್ಲಿ ಹನ್ನೆರಡು ಮೂವತ್ತೆರಡಕ್ಕೆ ಹೆಲಿಕಾಪ್ಟರ್ ಆಸ್ಪತ್ರೆಯ ಮಾಳಿಗೆಯ ಮೇಲೆ ಇಳಿದಿತ್ತು. ದುರುಗಪ್ಪನನ್ನು ನೇರ ಆಪರೇಷನ್ನಿಗೆ ಒಯ್ದರು. ಇಕ್ಬಾಲ್ ರೆಕ್ಕೆ ನಿಲ್ಲಿಸದೆ ಎಣ್ಣೆ ತುಂಬಿಸಿಕೊಂಡು ಹೊರಡಬೇಕಿತ್ತು. ಆದರೆ ಎಣ್ಣೆ ಸೋಸುವ ಭಾಗದ ಎಚ್ಚರಿಕೆಯ ದೀಪ ಹತ್ತಿತು. ಕ್ವಾರಿಯ ಧೂಳು ಸಿಕ್ಕಿಕೊಂಡಿರಬೇಕು ಎಂದ ಮೆಕ್ಯಾನಿಕ್. ಬಿಚ್ಚಿ ನೋಡದೆ ಬಿಡುವಂತಿರಲಿಲ್ಲ.

ಕಂಟ್ರೋಲ್ ರೂಮಿನ ಗೋಡೆಯ ಪರದೆಯಲ್ಲಿ ಹಾವನೂರ ಲೆಕ್ಕ ಹಾಕುತ್ತಿದ್ದರು. ಎರಡೂ ಇಪ್ಪತ್ತಕ್ಕೆ ಯಮನೂರಪ್ಪನ ಅವಧಿ ಮುಗಿಯುತ್ತದೆ. ಕ್ವಾರಿಯಿಂದ ಇಲ್ಲಿಗೆ ಮೂವತ್ತಾರು ನಿಮಿಷ. ಒಂದೂ ನಲವತ್ತರ ಮೇಲೆ ಅಲ್ಲಿಂದ ಹೊರಟು ಪ್ರಯೋಜನವಿಲ್ಲ.

"ಇಕ್ಬಾಲ್, ಎಷ್ಟೊತ್ತು?"

"ಹತ್ತು ನಿಮಿಷ ಅಂತಾನ್ರಿ, ಮೇಡಂ."

"ಹತ್ತಕ್ಕಿಂತ ಹೆಚ್ಚಾದ್ರ ಹೇಳು. ಸುಳ್ಳು ಹೇಳಬ್ಯಾಡ."

"ನಿಮಗ ಯಾವಾಗ ಹೇಳೀನ್ರಿ?"

ಹದಿಮೂರು ನಿಮಿಷ ಹಿಡಿಯಿತು. ಹಾವನೂರ ಅದನ್ನು ಸುವರ್ಣಾಳಿಗೆ ತಿಳಿಸಿದಾಗ ಅವಳು, "ಹತ್ತೊಂಬತ್ತು ಐತ್ರಿ," ಎಂದಳು. ಮೈಯ ಬಿಸಿಯ ಅಂಕಿ ಅದು.

ಬರ್ಫ ಕರಗಿದ ನೀರು ಕಲ್ಲಿನ ಮೇಲೆ ಹರಿದು ಹಾಗೆಯೇ ಆರುತ್ತಿತ್ತು. ಎರಡನೇ ಸಲ ಹೋದ ಬೈಕಿನವರು ಬರ್ಫ ಸಿಗದೆ ತಂಪುಪಾನೀಯದ ಬಾಟಲಿಗಳನ್ನು ಕ್ರೇಟಿನ ಸಮೇತ ತಂದರು. ಅವನ್ನೇ ಚೀಲದ ಸುತ್ತ ಜೋಡಿಸಿದರು. ಹತ್ತೊಂಬತ್ತೂವರೆಯಲ್ಲಿ ಅಂಕಿ ಸ್ವಲ್ಪ ಹೊತ್ತು ನಿಂತು ಮತ್ತೆ ಏರತೊಡಗಿತು. ಒಂದೂ ಮೂವತ್ತಕ್ಕೆ ಹೆಲಿಕಾಪ್ಟರಿನ ಸದ್ದು ಕೇಳಿದಾಗ ಇಪ್ಪತ್ತಕ್ಕೆ ಕೂದಲೆಳೆಯಷ್ಟೇ ಬಾಕಿ ಇತ್ತು.

ಗಾಳಿಗೆ ತಾಡಪತ್ರಿ ಹಾರಿಹೋಯಿತು. ಚೀಲ ಎತ್ತುವಾಗ ದ್ಯಾಮವ್ವ ಗಂಡನ ಹಣೆಯ ಮೇಲೆ ಒಂದು ಗಳಿಗೆ ಅಂಗೈ ಇಟ್ಟು ತಕ್ಷಣ ತೆಗೆದಳು, ತನ್ನ ಕೈಯ ಬಿಸಿ ತಾಗೀತೆಂದು. ಎರಡೂ ಹನ್ನೊಂದಕ್ಕೆ ಯಮನೂರಪ್ಪ ಹುಬ್ಬಳ್ಳಿಯಲ್ಲಿದ್ದ. ಸಮಯ ಮುಗಿಯಲು ಐದು ನಿಮಿಷವಿರುವಾಗ ಅವನು ಮೇಜಿನ ಮೇಲಿದ್ದ; ಹರಿದದ್ದನ್ನು ಹೊಲಿದ ಮೇಲೆ ಮೈಯಲ್ಲಿ ಬೇರೆಯವರ ಬಿಸಿರಕ್ತ ಹರಿಯತೊಡಗಿತು. ಎರಡೂ ಐವತ್ತಕ್ಕೆ ಹೃದಯ ಒಮ್ಮೆ ಕುಪ್ಪಳಿಸಿ, ನಿಂತು, ಮತ್ತೆ ಹಿಡಿದುಕೊಂಡಿತು.

ಮೂರೂ ಹತ್ತಕ್ಕೆ ಪಕ್ಕದ ಕೋಣೆಯ ಮೇಜಿನ ಮೇಲೆ ದುರುಗಪ್ಪ ತೀರಿಕೊಂಡ.

ಅತ್ತೆ ಸೊಸೆ ಇಬ್ಬರೂ ಕ್ವಾರಿಯ ಜೀಪಿನಲ್ಲಿ ಐದು ಗಂಟೆಗೆ ಆಸ್ಪತ್ರೆ ಸೇರಿದರು. ಹಾವನೂರ ಅವರನ್ನು ಕೂರಿಸಿ ಎರಡೂ ಸುದ್ದಿ ಹೇಳಿದರು. ದ್ಯಾಮವ್ವನಿಗೆ ತಾಯಿ ಇರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ಅವಳು ಮೊದಲು ಕೇಳಿದ್ದು, "ಅಪ್ಪಗೂ ಆ ಸೂಜಿ ಹಾಕಿದ್ರ ಉಳೀತಿದ್ನೇನ್ರಿ?" ಎಂದು.

"ಇಲ್ಲವಾ. ಮತ್ತ ಮೈ ಬಿಸಿ ಮಾಡೂ ಮುಂದ ಹೋಗ್ತಿದ್ದ. ಬ್ಯಾರೆ ಏನು ಮಾಡಿದ್ರೂ ಹಿಂಗ ಆಗ್ತಿತ್ತು," ಎಂದರು ಹಾವನೂರ.

ದ್ಯಾಮವ್ವ ತಲೆಯಾಡಿಸಿದಳು. ಹುಲಿಗೆವ್ವ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದಳು. ಸೊಸೆಯ ಬೆನ್ನ ಮೇಲೆ ಕೈಯಿಡಲು ಎತ್ತಿದವಳು ಹಾಗೇ ಮಡಿಲಿಗೆ ಇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಪಂಚನಾಮೆ, ಪೋಸ್ಟ್‌ಮಾರ್ಟಂ ಮುಗಿದು ಹತ್ತು ಗಂಟೆಗೆ ದುರುಗಪ್ಪನ ಹೆಣ ಕೊಟ್ಟರು. ಯಮನೂರಪ್ಪ ಇನ್ನೂ ಎದ್ದಿರಲಿಲ್ಲ. ಇವತ್ತು ಏಳಬಹುದು, ನಾಳೆ ಏಳಬಹುದು, ಎದ್ದಾಗ ಮನೆಯವರ ದನಿ ಕಿವಿಗೆ ಬಿದ್ದರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ದ್ಯಾಮವ್ವ ಗಾಜಿನ ಬಾಗಿಲಿನ ಮುಂದೆ ನಿಂತು ಒಳಗೊಮ್ಮೆ ನೋಡುತ್ತಿದ್ದಳು, ಕೆಳಗೆ ನಿಂತ ಗಾಡಿಯನ್ನೊಮ್ಮೆ ನೋಡುತ್ತಿದ್ದಳು.

"ಹೋಗು," ಎಂದಳು ಹುಲಿಗೆವ್ವ. "ನಿಮ್ಮಪ್ಪಗ ನೀನ ಮಗ. ಮಣ್ಣು ಕೊಟ್ಟು ಬಾ. ಇಲ್ಲಿ ನಾ ಅದೀನಿ."

ಹಿಂದಿನ ದಿನದ ಮಾತಿನ ನಂತರ ಅವಳು ಸೊಸೆಯೊಡನೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಪಾಳಿ ಮುಗಿಸಿದ ಸುವರ್ಣಾ ವಾರ್ಡಿಗೆ ಬಂದಳು. ತಾನು ಸೂಜಿ ಹಾಕಿದವರನ್ನು ಒಮ್ಮೆ ನೋಡದೆ ಮನೆಗೆ ಹೋದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಟಲಿನ ಕೊಳವೆ ತೆಗೆದಿದ್ದರು. ಒಂದೂ ಮುಕ್ಕಾಲಿಗೆ ಯಮನೂರಪ್ಪ ಕಣ್ಣು ಬಿಟ್ಟ. ತಾಯಿಯನ್ನು ಗುರುತು ಹಿಡಿದ. ತುಟಿ ಒದ್ದೆ ಮಾಡಿದ ಮೇಲೆ ಮೊದಲು ಕೇಳಿದ್ದು, "ಮಾವ ಎಲ್ಲದಾನ?"

"ಊರಿಗೆ ಹೋಗ್ಯಾನ," ಎಂದಳು ಹುಲಿಗೆವ್ವ.

"ಅಂವಗ ಪೆಟ್ಟಾಗಲಿಲ್ಲಾ?"

ಅವಳು ಮಗನ ತುಟಿಗೆ ಮತ್ತೆ ಒದ್ದೆ ಬಟ್ಟೆ ಒತ್ತಿದಳು.

"ಕಲ್ಲು ಜಾರಿದ್ದು ನಂಗ ಕಾಣಲೇ ಇಲ್ಲಬೇ. ಬೆನ್ನ ಮಾಡಿ ನಿಂತಿದ್ದೆ. ಮಾವ ಆ ಕಡಿ ಇದ್ದ, ಅಂವಗೇನೂ ಆಗ್ತಿರಲಿಲ್ಲ. ಓಡಿ ಬಂದು ಎರಡೂ ಕೈಲೆ ದೂಡಿದ. ಇಲ್ಲಂದ್ರ ನೆಟ್ಟಗ ತಲಿ ಮ್ಯಾಲೇ ಬೀಳ್ತಿತ್ತು." ಉಸಿರು ಸಾಲದೆ ನಿಲ್ಲಿಸಿದ. "ಅಂವ ಹೆಂಗದಾನ ಕೇಳಿ ಹೇಳು."

ಆ ಹೊತ್ತು ಧೂಳಿನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಹುಲಿಗೆವ್ವ ಎದ್ದು ಹೊರಗೆ ಬಂದಳು. ಓಣಿಯಲ್ಲಿ ಗೋಡೆಗೆ ಕೈ ಕೊಟ್ಟು ನಿಂತಳು. ಸುವರ್ಣಾ ಹಿಂದೆಯೇ ಬಂದಳು.

"ಅಷ್ಟು ಮಂದಿ ಮುಂದ ಅಂದೆ ನಾನು," ಎಂದಳು ಮುದುಕಿ. "ಮುದುಕನ್ನ ಕಳಿಸಿ ಹರೇದವನ್ನ ಬಿಟ್ಟಿ ಅಂತ. ಆ ಮಗಳ ಮುಖಾ ನೋಡಿ ಅಂದೆ."

"ನಿಮಗ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ. ಅಂದದ್ದಂತೂ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ಚಾಚಿದಳು. "ಹಚ್ಚಿ ಕೊಡು. ನಂಗ ಅಕ್ಷರ ಕಾಣೂದಿಲ್ಲ."

ದ್ಯಾಮವ್ವ ಮೊದಲ ರಿಂಗಿಗೇ ಎತ್ತಿದಳು.

"ಎದ್ದಾನ. ಮಾತಾಡ್ಯಾನ," ಎಂದಳು ಹುಲಿಗೆವ್ವ. ಆ ಕಡೆಯಿಂದ ಅಳು ಕೇಳಿಸಿತು. ಅದು ಕಡಿಮೆಯಾಗುವವರೆಗೆ ಕಾದಳು. "ಮಣ್ಣು ಕೊಟ್ರೇನು?"

"ಇಲ್ರಿ ಅತ್ತಿ. ಈಗ ಗಾಡಿ ಬಂತು. ಕುಣಿ ತೋಡಾಕತ್ತಾರ."

"ನಾ ಬರೂತನಕ ಕೊಡಬ್ಯಾಡ್ರಿ."

"ಅತ್ತಿ, ನಿನ್ನಿ ಹೆಣ. ಬಿಸಲೈತಿ. ಹಿರ್ಯಾರು ಲಗೂ ಮುಗಿಸೂನು ಅನ್ನಾಕತ್ತಾರ."

"ಹಿರ್ಯಾರಿಗೆ ಫೋನ್ ಕೊಡು."

ಯಾರೋ ಗಂಡಸು ಬಂದ. ಹುಲಿಗೆವ್ವ ಅವನಿಗೆ ಕಾರಣ ಹೇಳಲಿಲ್ಲ. "ನಾ ಒಂದು ಮಾತು ಹೇಳೂದೈತಿ. ಕ್ವಾರಿ ಮಂದಿ ಎಲ್ಲಾರೂ ಅಲ್ಲಿರಬೇಕು. ಹೊತ್ತು ಮುಳುಗೂದ್ರಾಗ ಬರ್ತೀನಿ. ಬರ್ಫ ತಂದು ಇಡ್ರಿ," ಎಂದು ಫೋನ್ ಇಟ್ಟಳು.

ಆಮೇಲೆ ವಾರ್ಡಿನ ಬಾಗಿಲ ಕಡೆ ನೋಡಿದಳು. ಮಗನನ್ನು ಒಬ್ಬನನ್ನೇ ಬಿಟ್ಟು ಹೋಗುವುದು ಹೇಗೆಂದು ಅವಳಿಗೆ ಆಗಲೇ ಹೊಳೆದದ್ದು.

"ನಾ ಕುಂದರ್ತೀನಿ. ನೀವು ಹೋಗಿ ಬರ್ರಿ," ಎಂದಳು ಸುವರ್ಣಾ. ಬಸವಂತ ತನ್ನ ಅಣ್ಣನ ಕಾರಿನಲ್ಲಿ ಮುದುಕಿಯನ್ನು ಕರೆದುಕೊಂಡು ಹೊರಟ.

ಯಮನೂರಪ್ಪ ನಿದ್ದೆ ಹೋಗಿ, ಎದ್ದು, ಮತ್ತೆ ನಿದ್ದೆ ಹೋಗುತ್ತಿದ್ದ. ನಾಲ್ಕು ಗಂಟೆಗೆ ಎದ್ದಾಗ ತಾಯಿ ಇರಲಿಲ್ಲ. ಸುವರ್ಣಾಳನ್ನು ಬಹಳ ಹೊತ್ತು ನೋಡಿದ.

"ಮಾವ ಇಲ್ಲ, ಹೌದಲ್ರಿ?"

"ಇಲ್ಲ. ನಿನ್ನೆ ಮಧ್ಯಾಹ್ನ ಹೋದ್ರು. ನಿಮ್ಮ ತಾಯಿ ಮಣ್ಣಿಗೆ ಹೋಗ್ಯಾರ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಸೊಂಟಕ್ಕೆ ಕಬ್ಬಿಣದ ಚೌಕಟ್ಟು ಹಾಕಿದ್ದರಿಂದ ಮೈ ಹೊರಳುವಂತಿರಲಿಲ್ಲ. ತುಸು ಹೊತ್ತಾದ ಮೇಲೆ, "ನಾನೂ ಸತ್ತಿದ್ದೆ ಅಂತಾರಲ್ರಿ ಇಲ್ಲಿಯವರು?" ಎಂದು ಕೇಳಿದ.

"ಸತ್ತಿರಲಿಲ್ಲ. ಎದಿ ಬಡಿತ ಮೂರು ತಾಸು ನಿಂತಿತ್ತು."

"ನಂಗೇನೂ ನೆನಪಿಲ್ಲ. ದ್ಯಾಮವ್ವ ನೀರು ಕೊಡಲಿಲ್ಲ ಅಂತ ಸಿಟ್ಟು ಬಂದಿತ್ತು. ಅಷ್ಟ."

"ನಾನ ಕೊಡಬ್ಯಾಡ ಅಂದಿದ್ದೆ."

ಆರು ಗಂಟೆಗೆ ಹತ್ತು ನಿಮಿಷವಿರುವಾಗ ಸುವರ್ಣಾಳ ಫೋನ್ ಬಡಿಯಿತು. ಬಸವಂತನ ಫೋನಿನಿಂದ ದ್ಯಾಮವ್ವ ಮಾತಾಡಿದಳು.

"ಅಕ್ಕಾರ, ಅತ್ತಿ ಬಂದ್ರು. ಎಲ್ಲಾರ ಮುಂದ ಅಪ್ಪನ ಕಾಲು ಹಿಡಕೊಂಡು ಹೇಳಿದ್ರು, ಹಿಂಗಿಂಗಾತು ಅಂತ. ಬೀಗಾ, ನಿನ್ನ ಮಗಳಿಗೆ ನಾ ತಪ್ಪು ಮಾತಾಡೀನಿ ಅಂದ್ರು. ಆಮ್ಯಾಲ ಮಣ್ಣು ಕೊಟ್ವಿ. ಮೊದಲನೇ ಹಿಡಿ ನಾ ಹಾಕಿದೆ, ಎರಡನೇದು ಅವರು ಹಾಕಿದ್ರು." ಆಮೇಲೆ ಕೇಳಿದಳು: "ನಮ್ಮನಿಯವರು ಎದ್ದದಾರೇನ್ರಿ?"

ಸುವರ್ಣಾ ಫೋನನ್ನು ಯಮನೂರಪ್ಪನ ಕಿವಿಗೆ ಹಿಡಿದಳು. ಅವನ ಕಣ್ಣಿನಿಂದ ನೀರಿಳಿದು ಫೋನಿನ ಗಾಜು ಒದ್ದೆಯಾಯಿತು.

"ಉಂಡಿಯೇನು?" ಎಂದು ಕೇಳಿದ.